ಯಾವುದಾದರೂ ಒಂದನ್ನು ಆರಿಸಿ

ಭಾನುವಾರ ಬೆಳಗಿನ ಎರಡನೆಯ ಕಾಫಿಗೆ ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯ ಜಗಲಿಗೆ ಬರುವ ಮೂವರಲ್ಲಿ ಒಬ್ಬರು ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತರಾದವರು, ಇನ್ನೊಬ್ಬರು ಪ್ರೌಢಶಾಲೆಯ ಡ್ರಾಯಿಂಗ್ ಮೇಷ್ಟ್ರಾಗಿದ್ದವರು, ಮತ್ತೊಬ್ಬರು ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕರಾಗಿದ್ದು ಊರಿನವರ ಕಾಗುಣಿತವನ್ನೆಲ್ಲ ತಿದ್ದಿ ತಿದ್ದಿ ಕನ್ನಡಕದ ನಂಬರು ಏರಿಸಿಕೊಂಡವರು. ನಾಲ್ಕನೆಯವನಾದ ನನಗಿರುವ ಏಕೈಕ ಅರ್ಹತೆಯೆಂದರೆ ಕಾಫಿ ನಮ್ಮ ಮನೆಯದು ಎಂಬುದು.

ಕಳೆದ ಭಾನುವಾರ ನಾನು ಇವರ ಮುಂದೆ ಒಂದು ಅರ್ಜಿಯನ್ನು ಇಟ್ಟೆ. ಆರನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ಶಾಲೆಯಿಂದ ತಂದದ್ದು. ಇಂಗ್ಲಿಷಿನ ಕೆಳಗೆ ಕನ್ನಡದಲ್ಲಿಯೂ 'ಮಾಧ್ಯಮ, ವ್ಯಾಪಾರ, ದೃಶ್ಯಕಲೆ, ಇವುಗಳಲ್ಲಿ ಯಾವುದಾದರೂ ಒಂದನ್ನು ಆರಿಸಿ' ಎಂದು ಅಚ್ಚು ಹಾಕಿಸಿ, ಪೋಷಕರ ಸಹಿಗೆ ಜಾಗ ಬಿಟ್ಟಿದ್ದರು. ಮೂರು ವಿಷಯಗಳಿಗೆ ಮೂವರು ತಜ್ಞರು ಜಗಲಿಯ ಮೇಲೆಯೇ ಕುಳಿತಿರುವಾಗ ಇದು ಐದು ನಿಮಿಷದ ಕೆಲಸವೆಂದು ನಾನು ತಿಳಿದಿದ್ದೆ. ಒಬ್ಬೊಬ್ಬರೂ ತಮ್ಮ ತಮ್ಮ ವೃತ್ತಿಯನ್ನು ಎತ್ತಿ ಹಿಡಿದು ಜಗಳವಾಡಿಯಾರು ಎಂಬ ಅಂಜಿಕೆಯೂ ಇತ್ತು. ಆದದ್ದು ಬೇರೆ.

"ಮಗುವಿಗೆ ಏನು ಬೇಕಾದರೂ ಕೊಡಿಸಿ ಸ್ವಾಮಿ, ವ್ಯಾಪಾರ ಒಂದು ಬೇಡ" ಎಂದರು ಮ್ಯಾನೇಜರು. "ಸಾಲದ ಅರ್ಜಿ ಹಿಡಿದುಕೊಂಡು ನಗುನಗುತ್ತಾ ಬಂದವರ ಮುಖವನ್ನೂ, ಎರಡು ವರ್ಷದ ನಂತರ ಅದೇ ಮುಖವನ್ನೂ ನಾನು ನೋಡಿದ್ದೇನೆ. ಚಿತ್ರಕಲೆ ಕೊಡಿಸಿ. ಮನಸ್ಸಿಗೆ ನೆಮ್ಮದಿ."

"ನೆಮ್ಮದಿಯೇ?" ಎಂದು ಮೇಷ್ಟ್ರು ಲೋಟವನ್ನು ಕೆಳಗಿಟ್ಟರು. "ಜನವರಿ ಬಂತೆಂದರೆ ನನ್ನ ಪೀರಿಯಡ್ಡೆಲ್ಲ ಗಣಿತದವರ ಪಾಲು. ನಾನು ಸೀಮೆಸುಣ್ಣ ಹಿಡಿದುಕೊಂಡು ಹೋದರೆ ಬೋರ್ಡಿನ ಮೇಲೆ ಆಗಲೇ ಬೀಜಗಣಿತ ಕುಳಿತಿರುತ್ತಿತ್ತು. ಇಡೀ ಸೇವಾವಧಿಯಲ್ಲಿ ನಾನು ಮಕ್ಕಳಿಗೆ ಕಲಿಸಿದ್ದಕ್ಕಿಂತ ಸ್ವಾಗತ ಕಮಾನಿಗೆ ಬಣ್ಣ ಬಳಿದದ್ದೇ ಹೆಚ್ಚು. ಮಾಧ್ಯಮ ಕೊಡಿಸಿ, ನಾಲ್ಕು ಜನ ಹೆದರುತ್ತಾರೆ."

ಉಪಸಂಪಾದಕರು ಈ ಮಾತಿಗೆ ತಲೆಯನ್ನೂ ಎತ್ತಲಿಲ್ಲ. ಕಿಸೆಯಿಂದ ಕೆಂಪು ಪೆನ್ನು ತೆಗೆದು ಅರ್ಜಿಯಲ್ಲಿದ್ದ 'ಅಯ್ಕೆ'ಯನ್ನು 'ಆಯ್ಕೆ'ಯಾಗಿಯೂ, 'ದೃಷ್ಯಕಲೆ'ಯನ್ನು 'ದೃಶ್ಯಕಲೆ'ಯಾಗಿಯೂ ತಿದ್ದುತ್ತಾ, "ರಾತ್ರಿ ಪಾಳಿಯಲ್ಲಿ ತಣ್ಣಗಾದ ಉಪ್ಪಿಟ್ಟು ತಿಂದವರಾರೂ ತಮ್ಮ ಮೊಮ್ಮಕ್ಕಳನ್ನು ಪತ್ರಿಕೆಗೆ ಕಳುಹಿಸುವುದಿಲ್ಲ, ವ್ಯಾಪಾರವೇ ಸರಿ" ಎಂದರು. ಹೀಗೆ ಚೆಂಡು ಒಂದು ಸುತ್ತು ತಿರುಗಿ ಮತ್ತೆ ನನ್ನ ಕೈಗೇ ಬಂದಿತು.

ಆರನೆಯ ತರಗತಿಯ ಮಗುವಿಗೆ ಇದೆಲ್ಲ ಏಕೆ ಎಂದು ನಾನು ಕೇಳಿದ್ದಕ್ಕೆ, ದಿನಕ್ಕೆ ಮೂರು ಪತ್ರಿಕೆ ಓದುವ ಉಪಸಂಪಾದಕರೇ ವಿವರಿಸಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳೆಲ್ಲರೂ ಒಂದಲ್ಲ ಒಂದು ಕೈಕಸುಬಿನ ರುಚಿ ನೋಡಬೇಕೆಂದಿದೆ. ಅದಕ್ಕಾಗಿ ಈ ತರಗತಿಗಳ ಅವಧಿಯಲ್ಲಿ 10 ದಿನ ಬ್ಯಾಗಿಲ್ಲದೆ ಬಂದು ಬಡಗಿ, ಕುಂಬಾರ, ತೋಟಗಾರ, ಕಲಾವಿದರ ಬಳಿ ಕಲಿಯಬೇಕೆಂದೂ ಹೇಳಿದೆ. ಸಿಬಿಎಸ್‌ಇಯವರು ಇದೇ ತರಗತಿಗಳಿಗೆ 12ರಿಂದ 15 ಗಂಟೆಗಳ ಚಿಕ್ಕ ಚಿಕ್ಕ ಕೌಶಲ ಪಾಠಗಳನ್ನು ಮಾಡಿದ್ದಾರೆ. ಸಮೂಹ ಮಾಧ್ಯಮವಿದೆ, ಹಣಕಾಸಿನ ತಿಳಿವಳಿಕೆಯಿದೆ, ಚಿತ್ರಕಾದಂಬರಿ ಮಾಡುವುದಿದೆ, ಬಟ್ಟೆಯ ಮೇಲೆ ಅಚ್ಚು ಒತ್ತುವುದಿದೆ, ಬೇಕರಿ ಕೆಲಸವೂ ಇದೆ. ಎನ್‌ಸಿಇಆರ್‌ಟಿಯ 'ಕೌಶಲ ಬೋಧ' ಪುಸ್ತಕಗಳ ಲೆಕ್ಕದಲ್ಲಿ ವರ್ಷಕ್ಕೆ ಮೂರರಂತೆ ಮೂರು ವರ್ಷಕ್ಕೆ 9 ಯೋಜನೆಗಳನ್ನು ಮಗು ಮಾಡಬೇಕು.

"ಇದರಲ್ಲಿ ಹೊಸದೇನು ಬಂತು?" ಎಂದರು ಮೇಷ್ಟ್ರು. "ಗಾಂಧೀಜಿ 1937ರಲ್ಲಿ ವರ್ಧಾದಲ್ಲಿ ಹೇಳಿದ್ದು ಇದನ್ನೇ. ಅಕ್ಷರಕ್ಕೆ ಕೈಕೆಲಸವನ್ನು ಜೋಡಿಸಿ ಎಂದರು. ನಮ್ಮ ಶಾಲೆಯಲ್ಲಿ ತಕಲಿ ಕೊಡುತ್ತಿದ್ದರು. ನಾನು ನೂತ ನೂಲಿನಲ್ಲಿ ಎಮ್ಮೆ ಕಟ್ಟಬಹುದಿತ್ತು. ಇನ್ನು ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳಿಗೆ ಕುಣಿತ, ನಾಟಕ, ಆಟದ ಮೂಲಕ ಪಾಠ ಹೇಳಲು ಹೊರಟಾಗ ಯಾವ ಸುತ್ತೋಲೆ ಇತ್ತು?"

"ಸುತ್ತೋಲೆ ಇರಲಿಲ್ಲ, ಕಾರಂತರಿದ್ದರು" ಎಂದು ಉಪಸಂಪಾದಕರು ಚುಟುಕಾಗಿ ಹೇಳಿ, ಮೈಸೂರಿನ ಅಭಿಮಾನ ಕೆರಳಿ, 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರವನ್ನು ತೆರೆದು, ಅದು 'ಆಕಾಶವಾಣಿ' ಎಂಬ ಹೆಸರಿನಿಂದ ಮಾತನಾಡಿದ್ದನ್ನು ನೆನಪಿಸಿದರು. ಮಾಧ್ಯಮವನ್ನು ಆರಿಸಿಕೊಳ್ಳುವುದೆಂದರೆ ಹಾಗಿರಬೇಕಂತೆ. ಐದು ನಿಮಿಷದ ಹಿಂದೆ ಮಾಧ್ಯಮವನ್ನು ತಣ್ಣಗಾದ ಉಪ್ಪಿಟ್ಟಿಗೆ ಹೋಲಿಸಿದವರು ಇವರೇ.

ಒಮ್ಮೆ ದನಿ ಏರಿದ ಮೇಲೆ ಅವರು ಇಳಿಯಲಿಲ್ಲ. ಕಳೆದ ವರ್ಷ ತಮ್ಮ ಬಡಾವಣೆಯ ಶಾಲೆಯೊಂದರ ಮಕ್ಕಳಿಗೆ ಗೋಡೆಪತ್ರಿಕೆ ಮಾಡುವುದನ್ನು ಇವರು ಕಲಿಸಿದ್ದರು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸುದ್ದಿಯಾಯಿತು ಎಂದಷ್ಟೇ ಹೇಳಿದ್ದರಂತೆ. ಮಕ್ಕಳು ಆರಕ್ಕೆ ಆರನ್ನೂ ಹಿಡಿದುಕೊಂಡು ಹೋಗಿ 'ಹುಡುಗಿಯರ ಶೌಚಾಲಯದ ನಲ್ಲಿ ಕೆಟ್ಟು ಮೂರು ವಾರ' ಎಂಬ ತಲೆಬರಹದ ಕೆಳಗೆ, ಯಾರಿಗೆ ಹೇಳಿದೆವು, ಅವರು ಯಾವ ದಿನ ಏನೆಂದರು ಎಂಬುದನ್ನೆಲ್ಲ ದಿನಾಂಕದ ಸಮೇತ ಬರೆದು ಅಂಟಿಸಿದರು. ಹತ್ತು ಗಂಟೆಗೆ ಅಂಟಿಸಿದ ಪತ್ರಿಕೆ ಹನ್ನೊಂದಕ್ಕೆ ಗೋಡೆಯ ಮೇಲಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ನಲ್ಲಿಯಲ್ಲಿ ನೀರು ಬಂತು. ಮರುವಾರದಿಂದ ಇವರನ್ನು ಯಾರೂ ಕರೆಯಲಿಲ್ಲ. "ನನ್ನ ಇಡೀ ವೃತ್ತಿಜೀವನದಲ್ಲಿ ಐದು ಗಂಟೆಯೊಳಗೆ ಫಲ ಕೊಟ್ಟ ಸುದ್ದಿ ಅದೊಂದೇ" ಎನ್ನುವಾಗ ಅವರ ಮುಖದಲ್ಲಿ ಮದುವೆಮನೆಯ ಕಳೆಯಿತ್ತು.

ಇದನ್ನು ಕೇಳಿದ ಮ್ಯಾನೇಜರಿಗೆ ಸುಮ್ಮನಿರಲಾಗಲಿಲ್ಲ. ನಮ್ಮ ಪುಟ್ಟಿ ಕಳೆದ ವರ್ಷ ಮಕ್ಕಳ ಸಂತೆಯಲ್ಲಿ ಮಜ್ಜಿಗೆಯ ಅಂಗಡಿ ಇಟ್ಟಿದ್ದಳು. ಶಾಲೆಯ ಅಂಗಳದಲ್ಲಿ ಚಾಪೆ ಹಾಸಿ, ಕೊತ್ತಂಬರಿ ಕಟ್ಟು, ನಿಂಬೆಹಣ್ಣು, ಚುರುಮುರಿ ಇಟ್ಟುಕೊಂಡು ಮಕ್ಕಳು ಕೂಗಿ ಕೂಗಿ ಮಾರುವ ಆ ಸಂತೆಯನ್ನು ನೋಡದವರು ಕರ್ನಾಟಕದಲ್ಲಿ ಕಡಿಮೆ. ಮ್ಯಾನೇಜರು ಅರ್ಜಿಯ ಅಂಚಿನಲ್ಲಿಯೇ ಪೆನ್ಸಿಲಿನಿಂದ ಲೆಕ್ಕ ಹಾಕತೊಡಗಿದರು. ಲೋಟಕ್ಕೆ 5 ರೂಪಾಯಿಯಂತೆ 40 ಲೋಟ. ಅದರಲ್ಲಿ 4 ಲೋಟ ಗೆಳತಿಯರಿಗೆ ಸಾಲ. ಕೈಗೆ ಬಂದದ್ದು 180. ನಿಂಬೆ, ಕೊತ್ತಂಬರಿ, ಹಸಿಮೆಣಸಿನಕಾಯಿಗೆ 22 ಕಳೆದು, 158 ರೂಪಾಯಿ ಲಾಭವೆಂದು ಅವಳು ಮನೆತುಂಬಾ ಸಾರಿದ್ದಳು.

"ಎರಡು ಲೀಟರ್ ಮೊಸರಿಗೆ 110, ಕಾಗದದ ಲೋಟಕ್ಕೆ 30, ಇವೆಲ್ಲಿ?" ಎಂದು ಗೆರೆ ಎಳೆದರು ಮ್ಯಾನೇಜರು. "ಲಾಭ 18 ರೂಪಾಯಿ. ಅಜ್ಜಿ ನಿಂತು ಕಡೆದದ್ದಕ್ಕೆ ಕೂಲಿ ಹಿಡಿದರೆ ಅಂಗಡಿಗೆ ಬೀಗ. ನಾನು ನೋಡಿದ ಎಷ್ಟೋ ಸಾಲದ ಅರ್ಜಿಗಳಲ್ಲಿಯೂ ಹೀಗೆಯೇ ಅಜ್ಜಿಯ ಮೊಸರು ಲೆಕ್ಕದಿಂದ ಹೊರಗಿರುತ್ತಿತ್ತು. ಇದನ್ನು ಹನ್ನೊಂದನೆಯ ವಯಸ್ಸಿನಲ್ಲಿ ಕಲಿತರೆ ನಷ್ಟ ಮಜ್ಜಿಗೆಯಲ್ಲಿಯೇ ಮುಗಿಯುತ್ತದೆ."

"ಹಾಗಾದರೆ ವ್ಯಾಪಾರವೇ ಆಗಲಿ ಎನ್ನುತ್ತೀರಾ?" ಎಂದು ಕೇಳಿದೆ.

"ನಾನೆಲ್ಲಿ ಹಾಗೆಂದೆ?" ಎಂದು ಅವರು ಥಟ್ಟನೆ ಹಿಂದಕ್ಕೆ ಸರಿದರು.

ಇಷ್ಟು ಹೊತ್ತೂ ಮೇಷ್ಟ್ರು ಮೌನವಾಗಿದ್ದರು. ವಾದ ಸೋತಿದ್ದಾರೆಂದು ನಾನು ಭಾವಿಸಿದ್ದೆ. ಅಷ್ಟರಲ್ಲಿ ಪುಟ್ಟಿಯೇ ಹೊರಗೆ ಬಂದಳು. ನೀನೇನು ಆರಿಸುತ್ತೀಯಮ್ಮ ಎಂದು ಮೂವರೂ ಒಟ್ಟಿಗೆ ಕೇಳಿದ್ದಕ್ಕೆ ಅವಳು ಕ್ಷಣವೂ ತಡೆಯದೆ, "ಮಾಧ್ಯಮ, ತಾತ" ಎಂದಳು. ಉಪಸಂಪಾದಕರು ಎದ್ದೇ ನಿಂತುಬಿಟ್ಟರು. ಕಾರಣ ಕೇಳಿದಾಗ, ಮಾಧ್ಯಮದ ತರಗತಿ ನಡೆಯುವುದು ಕಂಪ್ಯೂಟರ್ ಕೋಣೆಯಲ್ಲಿ, ಇಡೀ ಶಾಲೆಯಲ್ಲಿ ಎಸಿ ಇರುವುದು ಅಲ್ಲಿ ಮಾತ್ರ ಎಂದಳು. ಕಲಿಸುವವರು ಯಾರೆಂದರೆ ಪಿಟಿ ಸರ್ ಅಂತೆ. ಅವರ ಬಳಿ ಒಳ್ಳೆಯ ಫೋನ್ ಇದೆಯಂತೆ. ಉಪಸಂಪಾದಕರು ಕುಳಿತರು.

ಸರಿ, ಸಹಿ ಹಾಕಿಬಿಡೋಣವೆಂದು ಅರ್ಜಿಯನ್ನು ಎತ್ತಿಕೊಂಡೆ. ಮುಂಭಾಗದಲ್ಲಿ ಮುದ್ರಿತ ಕನ್ನಡಕ್ಕಿಂತ ಕೆಂಪು ಶಾಯಿಯೇ ಹೆಚ್ಚಾಗಿತ್ತು. ಅಂಚಿನಲ್ಲಿ ಮೊಸರಿನ ಲೆಕ್ಕ ಸಹಿಯ ಜಾಗದವರೆಗೂ ಇಳಿದಿತ್ತು. ತಿರುಗಿಸಿದರೆ ಹಿಂಭಾಗದಲ್ಲಿ ಪೆನ್ಸಿಲಿನ ಚಿತ್ರ: ಮ್ಯಾನೇಜರು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಲೋಟದೊಳಗೆ ಯಾರೋ ಸಾಲ ತೀರಿಸದೆ ಅಡಗಿದ್ದಾರೇನೋ ಎಂಬಂತೆ ಇಣುಕುತ್ತಿದ್ದಾರೆ. ಮೂಗಿನ ಪಕ್ಕದ ನೆರಳು ಎಷ್ಟು ಸರಿಯಾಗಿ ಬಿದ್ದಿತ್ತೆಂದರೆ ಸ್ವತಃ ಮ್ಯಾನೇಜರೇ ಕೈಯೆತ್ತಿ ತಮ್ಮ ಮೂಗನ್ನು ಮುಟ್ಟಿ ನೋಡಿಕೊಂಡರು.

ಪುಟ್ಟಿ ಕಾಗದವನ್ನು ಕಿತ್ತುಕೊಂಡು ಬಹಳ ಹೊತ್ತು ನೋಡಿದಳು. "ಇದನ್ನು ನಾನು ಕೊಡುವುದಿಲ್ಲ, ನನ್ನ ಮೇಜಿನ ಮೇಲೆ ಅಂಟಿಸಿಕೊಳ್ಳುತ್ತೇನೆ" ಎಂದಳು. ಮೇಷ್ಟ್ರು ಆಕಾಶ ನೋಡುತ್ತಾ ಕುಳಿತಿದ್ದರು.

"ಹಾಗಾದರೆ ಇನ್ನೊಂದು ಅರ್ಜಿ ತರಬೇಕಲ್ಲಮ್ಮ" ಎಂದೆ.

"ಕಳೆದುಕೊಂಡವರಿಗೆ ಎರಡನೆಯ ಅರ್ಜಿ 10 ರೂಪಾಯಿ, ತಾತ."

ಆ 10 ರೂಪಾಯಿ ಯಾರ ಬಾಬ್ತು ಎಂಬ ಪ್ರಶ್ನೆ ಎದ್ದಿತು. ಚಿತ್ರ ಬರೆದವರದೆಂದು ಮ್ಯಾನೇಜರು, ಚಿತ್ರಕ್ಕೆ ಮುಖ ಕೊಟ್ಟವರದೆಂದು ಮೇಷ್ಟ್ರು, ತಪ್ಪು ಅಚ್ಚು ಹಾಕಿಸಿದ ಶಾಲೆಯದೆಂದು ಉಪಸಂಪಾದಕರು. ಒಳಗಿನಿಂದ ನನ್ನಾಕೆ, ಮೂರನೆಯ ಸಲ ಕಾಫಿ ಬೇಕಾದವರು ಮೊದಲು ಆ 10 ರೂಪಾಯಿ ಇಟ್ಟು ಮಾತನಾಡಲಿ ಎಂದು ಕೂಗಿ ಹೇಳಿದಳು.