ಕಾಫಿ ಚೆಲ್ಲಿದ ಲ್ಯಾಪ್‌ಟಾಪ್‌ನಿಂದ ಫೈಲ್ ತೆಗೆಯೋದು ಹೇಗೆ?

ನಿನ್ನೆ ರಾತ್ರಿ ತಮ್ಮನ ಲ್ಯಾಪ್‌ಟಾಪ್ ಮೇಲೆ ಅರ್ಧ ಲೋಟ ಕಾಫಿ ಚೆಲ್ಲಿತು. ಹಾಲು, ಸಕ್ಕರೆ ಎರಡೂ ಇದ್ದ ಕಾಫಿ. ಐದು ನಿಮಿಷ ನಡೆದು ತಾನಾಗೇ ಆಫ್ ಆಯಿತು. ಅವನ ಎಂ.ಎಸ್ಸಿ. ಪ್ರಾಜೆಕ್ಟ್ ವರದಿ ಪೂರ್ತಿ ಅದರಲ್ಲೇ ಇದೆ, ಬೇರೆಲ್ಲೂ ಕಾಪಿ ಇಲ್ಲ. ವಿಂಡೋಸ್ 11, ಕೊಂಡು ಎರಡು ವರ್ಷ. ಅಕ್ಕಿ ಡಬ್ಬದಲ್ಲಿ ಹೂತಿಡು ಅಂತಾರೆ ಅಮ್ಮ. ಹುಡುಗ ಬೆಳಗ್ಗೆಯಿಂದ ಊಟವನ್ನೇ ಮಾಡಿಲ್ಲ. ಇಂಥದ್ದನ್ನು ಕಂಡವರು ದಯವಿಟ್ಟು ಹೇಳಿ.

ತಿಪಟೂರಿನ ಶಿಕ್ಷಕಿ:

ಮೊದಲು ಒಂದು ಮಾತು. ಆನ್ ಆಗುತ್ತಾ ಅಂತ ನೋಡೋಕೆ ಹೋಗಬೇಡಿ. ಚಾರ್ಜರ್ ಹಾಕಲೇಬೇಡಿ. ನಾನು ಮಾಡಿದ್ದು ಅದನ್ನೇ. ಚಹಾ ಚೆಲ್ಲಿತ್ತು, ಮೇಲೆ ಒರೆಸಿ ರಾತ್ರಿಯೆಲ್ಲ ಫ್ಯಾನ್ ಕೆಳಗೆ ಇಟ್ಟೆ. ಬೆಳಗ್ಗೆ ಆನ್ ಆಯಿತು. ಬದುಕಿತು ಅಂದುಕೊಂಡೆ. ನಾಲ್ಕನೇ ದಿನ ಒಂದು ಕೀ ಮುಟ್ಟದೆಯೇ ಟೈಪ್ ಆಗೋಕೆ ಶುರುವಾಯಿತು, ಆರನೇ ದಿನ ಪೂರ್ತಿ ಸತ್ತಿತು. ಅಂಗಡಿಯಲ್ಲಿ ಬಿಚ್ಚಿದಾಗ ಪಕ್ಕದಲ್ಲೇ ನಿಂತಿದ್ದೆ. ಒಡೆದ ಹಾಲಿನ ವಾಸನೆ ಬಂತು. ಕೀಬೋರ್ಡ್ ಅಡಿಯಲ್ಲಿ ಕಂದು ಬಣ್ಣದ ಅಂಟು, ಬ್ಯಾಟರಿ ವೈರ್ ಸಿಗಿಸುವ ಕಡೆ ಹಸಿರು ಕಿಲುಬು. ತಾಮ್ರದ ಚೊಂಬಿಗೆ ಹಿಡಿಯುತ್ತಲ್ಲ, ಅದೇ.

ನೀರು ಆರಿದರೂ ಹಾಲು, ಸಕ್ಕರೆ ಅಲ್ಲೇ ಉಳಿಯುತ್ತವೆ. ಅಕ್ಕಿ ಅದನ್ನು ಎಳೆಯೋದಿಲ್ಲ, ಅದರ ಪುಡಿ ಬೇರೆ ಒಳಗೆ ಸೇರುತ್ತದೆ. ಕೂದಲು ಒಣಗಿಸುವ ಡ್ರೈಯರ್ ಕೂಡ ಬೇಡ. ಬಿಸಿಗಾಳಿ ಕಾಫಿಯನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಮುಚ್ಚಳ ತೆರೆದು, ಕೀಬೋರ್ಡ್ ಕೆಳಮುಖವಾಗುವ ಹಾಗೆ ಟೆಂಟ್ ಥರ ಟವೆಲ್ ಮೇಲೆ ನಿಲ್ಲಿಸಿ, ಇವತ್ತೇ ಅಂಗಡಿಗೆ ಒಯ್ಯಿರಿ. ಆಫ್ ಆಗಿದ್ದರೂ ಒಳಗಿನ ಬ್ಯಾಟರಿಯಿಂದ ಬೋರ್ಡಿಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಅದನ್ನು ಬೇಗ ಬಿಡಿಸಬೇಕು.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ರಿಪೇರಿ ಕೆಲಸ ಮಾಡುವವರು:

ಮೇಡಂ ಹೇಳಿದ್ದು ಸರಿ. ಆದರೆ ನಿಮಗೆ ಧೈರ್ಯ ಹೇಳಬೇಕು. ವರದಿ ಇರೋದು ಮದರ್‌ಬೋರ್ಡಲ್ಲಿ ಅಲ್ಲ, ಎಸ್‌ಎಸ್‌ಡಿಯಲ್ಲಿ, ಅಂದ್ರೆ ಫೈಲ್‌ಗಳನ್ನೆಲ್ಲ ಉಳಿಸಿಡುವ ಡ್ರೈವಿನಲ್ಲಿ. ಈಗಿನ ಹೆಚ್ಚಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಅದು 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಒಂದು ಪಟ್ಟಿ. ಕೆಲವದರಲ್ಲಿ ಇನ್ನೂ ಗಿಡ್ಡ. ಒಂದೇ ಒಂದು ಸಣ್ಣ ಸ್ಕ್ರೂ. ಬ್ಯಾಟರಿ ಬಿಡಿಸಿದ ಮೇಲೆ ಆ ಸ್ಕ್ರೂ ತೆಗೆದರೆ ಪಟ್ಟಿ ತಾನಾಗೇ ಓರೆಯಾಗಿ ಮೇಲೇಳುತ್ತದೆ, ಹಾಗೇ ಎಳೆದರೆ ಬಂತು. ಕಾಫಿ ತಾಗಿದ್ದರೆ ಅದರ ಹಲ್ಲುಗಳನ್ನು 99% ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಆರಲು ಬಿಡಬೇಕು. ಆಮೇಲೆ ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಲ್ಯಾಪ್‌ಟಾಪ್‌ಗೆ ಸಿಗಿಸಿದರೆ ಪೆನ್‌ಡ್ರೈವ್ ಥರ ಕಾಣುತ್ತದೆ. ಈ ಪಟ್ಟಿಯಲ್ಲಿ ಎನ್‌ವಿಎಂಇ, ಸಾಟಾ ಅಂತ ಎರಡು ಬಗೆ, ಕೇಸ್ ಕೊಳ್ಳುವಾಗ ಯಾವುದು ಅಂತ ಪಟ್ಟಿಯ ಮೇಲಿನ ಚೀಟಿ ನೋಡಿಕೊಳ್ಳಿ, ಒಂದರದ್ದು ಇನ್ನೊಂದಕ್ಕೆ ನಡೆಯದೇ ಇರಬಹುದು.

ಜನ ಸಿಕ್ಕಿಬೀಳೋದು ಇದರ ಮುಂದಿನ ಹೆಜ್ಜೆಯಲ್ಲಿ. ವಿಂಡೋಸ್ 11 ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವಿಗೆ ತಾನೇ ಬೀಗ ಹಾಕಿರುತ್ತದೆ. ಸಿಗಿಸಿದ ತಕ್ಷಣ ಬಿಟ್‌ಲಾಕರ್ ಅಂತ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಹೆದರಬೇಡಿ. ನಿಮ್ಮ ತಮ್ಮ ಯಾವ ಇಮೇಲ್‌ನಿಂದ ಲ್ಯಾಪ್‌ಟಾಪ್ ಶುರು ಮಾಡಿದ್ದನೋ ಆ ಮೈಕ್ರೋಸಾಫ್ಟ್ ಖಾತೆಗೆ ಫೋನಿನಿಂದಲೇ ಲಾಗಿನ್ ಆದರೆ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಕಾಲೇಜಿನ ಇಮೇಲ್ ಆಗಿದ್ದರೆ ಕಾಲೇಜಿನ ಕಂಪ್ಯೂಟರ್ ವಿಭಾಗದವರನ್ನು ಕೇಳಿ. ಡ್ರೈವ್ ಸಿಗಿಸಿದಾಗ "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳಿದರೆ ಬೇಡ ಅನ್ನಿ.

ಹೊಸ ಮ್ಯಾಕ್‌ಬುಕ್ ಇದ್ದವರಿಗೆ ಈ ದಾರಿ ಇಲ್ಲ. ಅದರಲ್ಲಿ ಫೈಲ್ ಉಳಿಯುವ ಚಿಪ್‌ಗಳನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಫೈಲ್ ಬೇಕಂದ್ರೆ ಅದೇ ಬೋರ್ಡಿಗೆ ಮತ್ತೆ ಜೀವ ಬರಬೇಕು. ಅಂಥ ಕೆಲಸ ಗೊತ್ತಿರುವವರ ಹತ್ತಿರವೇ ಕೊಡಿ.

ಶಿವಮೊಗ್ಗದಿಂದ ಒಬ್ಬ ತಾಯಿ:

ಅಂಗಡಿಗೆ ಕೊಡುವಾಗ ಎಸ್‌ಎಸ್‌ಡಿ ಬಿಚ್ಚಿಸಿ ನೀವೇ ಇಟ್ಟುಕೊಳ್ಳಿ. ನನ್ನ ಮಗಳದ್ದು ರಿಪೇರಿಯಾಗಿ ಬಂದಾಗ ಹೊಸ ವಿಂಡೋಸ್ ಹಾಕಿ ಕೊಟ್ಟಿದ್ದರು. ಕೀಬೋರ್ಡ್ ಚೆನ್ನಾಗಿತ್ತು, ಮೂರು ವರ್ಷದ ಫೋಟೋ ಒಂದೂ ಇರಲಿಲ್ಲ. "ಫಾರ್ಮ್ಯಾಟ್ ಬೇಡ" ಅಂತ ರಸೀದಿ ಮೇಲೆ ಬರೆಸಲೇಬೇಕಿತ್ತು ಅಂತ ಇವತ್ತಿಗೂ ಸಂಕಟ ಆಗುತ್ತದೆ. ವಾರಂಟಿ ನಂಬಿ ಕಾಯಬೇಡಿ. ಮಾಮೂಲಿ ವಾರಂಟಿಗೆ ನೀರು, ಕಾಫಿ ಸೇರೋದಿಲ್ಲ. ಆಕಸ್ಮಿಕ ಹಾನಿಯ ರಕ್ಷಣೆ ಬೇರೆ ಕೊಂಡಿದ್ದರೆ ಮಾತ್ರ ಕೇಳಿ ನೋಡಬಹುದು. ಹಾಗಿದ್ದರೆ ಬಿಚ್ಚುವ ಮುಂಚೆಯೇ ಕಂಪನಿಗೆ ಫೋನ್ ಮಾಡಿ.

ಪ್ರಶ್ನೆ ಕೇಳಿದವರು, ಎರಡು ದಿನದ ಮೇಲೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವತ್ತು ಸಂಜೆಯೇ ಬಿಚ್ಚಿಸಿದೆವು. ಕಾಫಿ ಕೀಬೋರ್ಡ್ ದಾಟಿ ಬೋರ್ಡಿನ ಬಲಗಡೆ ಇಳಿದಿತ್ತು, ಎಸ್‌ಎಸ್‌ಡಿ ಎಡಗಡೆ ಒಣಗೇ ಇತ್ತು. ಹೇಳಿದ ಹಾಗೆ ಬಿಟ್‌ಲಾಕರ್ ಕೀ ಕೇಳಿತು. ತಮ್ಮ ಹಳೆಯ ಇಮೇಲ್‌ನ ಪಾಸ್‌ವರ್ಡ್ ಮರೆತಿದ್ದ, ಅದನ್ನು ಬದಲಾಯಿಸೋಕೆ ಒಂದು ಗಂಟೆ ಹಿಡಿಯಿತು. ಕೀ ಅಲ್ಲೇ ಇತ್ತು. ನಾನು ಅಂಕಿ ಓದಿದೆ, ಅವನು ಒತ್ತಿದ. ವರದಿಯ ಫೋಲ್ಡರ್ ತೆರೆಯಿತು. ಮೊದಲು ಅದನ್ನು ನನ್ನ ಲ್ಯಾಪ್‌ಟಾಪ್‌ಗೆ, ಆಮೇಲೆ ಗೂಗಲ್ ಡ್ರೈವ್‌ಗೆ ಹಾಕಿದೆವು. ಬೋರ್ಡ್ ತೊಳೆದು ನೋಡ್ತೀವಿ ಅಂದಿದ್ದಾರೆ, ಅದು ಇನ್ನೂ ಅಂಗಡಿಯಲ್ಲೇ ಇದೆ. ಅವನು ನನ್ನ ಲ್ಯಾಪ್‌ಟಾಪ್‌ನಲ್ಲಿ ಕೊನೆಯ ಅಧ್ಯಾಯ ಬರೀತಾ ಕೂತಿದ್ದಾನೆ.