‘ಸಾಲದ ಮೇಲೆ’ ಹೋದ ಆಟಗಾರ: ಸರಿಯಾದ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಕೊಲಂಬಿಯಾದ ಫುಟ್‌ಬಾಲ್ ಸ್ಟ್ರೈಕರ್ (ಗೋಲು ಹೊಡೆಯುವ ಮುಂಪಡೆ ಆಟಗಾರ) ರಾಡಮೆಲ್ ಫಾಲ್ಕಾವೊ ಬಗ್ಗೆ ಒಂದು ಪುಟ್ಟ ಲೇಖನ ಬರೆಯುತ್ತಿದ್ದೇನೆ. ಅರ್ಧಕ್ಕೆ ಬಂದಾಗ ಒಂದು ಪದ ಕೈಕೊಟ್ಟಿತು. 2014ರ ಸೆಪ್ಟೆಂಬರ್‌ನಲ್ಲಿ ಅವನು ಫ್ರೆಂಚ್ ಲೀಗ್‌ನಲ್ಲಿ ಆಡುವ ಮೊನಾಕೊ ಕ್ಲಬ್‌ನಿಂದ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ‘ಲೋನ್’ ಮೇಲೆ ಹೋದ. ನಾನು ಯೋಚಿಸದೆ ‘ಸಾಲದ ಮೇಲೆ ಯುನೈಟೆಡ್ ಸೇರಿದ’ ಅಂತ ಬರೆದೆ. ಓದಿದ ಅಕ್ಕ ಕೇಳಿದಳು, ‘ಪಾಪ, ಅಷ್ಟು ಸಾಲ ಯಾಕೆ ಮಾಡ್ಕೊಂಡಿದ್ದ?’

ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಸಾಲ ಅಂದರೆ ನಮಗೆ ದುಡ್ಡೇ.

ಸಂದರ್ಭ ಸ್ವಲ್ಪ ಹೇಳಿಬಿಡುತ್ತೇನೆ. 2011ರಲ್ಲಿ ಪೋರ್ಟೊ ಪರ, 2012ರಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ಪರ, ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಾ ಲೀಗ್‌ನ ಫೈನಲ್ ಗೆಲ್ಲಿಸಿದವನು ಇವನು. ಡಬ್ಲಿನ್‌ನಲ್ಲಿ ನಡೆದ ಮೊದಲ ಫೈನಲ್‌ನ ಒಂದೇ ಗೋಲು ಇವನದು, ಬುಕಾರೆಸ್ಟ್‌ನ ಎರಡನೆಯದರಲ್ಲಿ ಎರಡು. 2013ರಲ್ಲಿ ಮೊನಾಕೊ ಭಾರಿ ಬೆಲೆಗೆ ಕೊಂಡಿತು. ಮರುವರ್ಷ ಜನವರಿಯಲ್ಲಿ ಫ್ರೆಂಚ್ ಕಪ್‌ನಲ್ಲಿ ಒಂದು ಸಣ್ಣ ತಂಡದ ವಿರುದ್ಧ ಆಡುವಾಗ ಮೊಣಕಾಲಿಗೆ ಪೆಟ್ಟು ಬಿತ್ತು, ವಿಶ್ವಕಪ್ ತಪ್ಪಿತು. ಆಮೇಲೆ ಮೊನಾಕೊ ಅವನನ್ನು ಮಾರಲಿಲ್ಲ. ಒಂದು ವರ್ಷ ಯುನೈಟೆಡ್‌ಗೆ, ಮುಂದಿನ ವರ್ಷ ಚೆಲ್ಸಿಗೆ ಕೊಟ್ಟಿತು. ಅವನ ಒಪ್ಪಂದ ಮಾತ್ರ ಮೊನಾಕೊ ಜೊತೆಗೇ, ಅವಧಿ ಮುಗಿದ ಮೇಲೆ ಅಲ್ಲಿಗೇ ಮರಳಬೇಕು. ಈ ‘ಕೊಟ್ಟಿತು’ಗೇ ನನಗೆ ಪದ ಬೇಕು.

ನಮ್ಮ ಕಡೆ ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ಅದು ‘ಕಡ’. ತಿರುಗಿ ಕೊಡುವುದು ಬೇರೆ ಸಕ್ಕರೆ, ಅಳತೆ ಮಾತ್ರ ಅದೇ. ಹಣದ ಸಾಲವೂ ಹಾಗೇ, ಯಾರೂ ಅದೇ ನೋಟನ್ನು ವಾಪಸ್ ಕೇಳುವುದಿಲ್ಲ. ಆದರೆ ಮದುವೆಗೆ ಹಾಕಿಕೊಳ್ಳಲು ತಂದ ಸರ, ಲೈಬ್ರರಿಯ ಪುಸ್ತಕ ಹಾಗಲ್ಲ. ಅದೇ ವಸ್ತು ಹಿಂತಿರುಗಬೇಕು. ಅದಕ್ಕೆ ‘ಎರವಲು’. ಫಾಲ್ಕಾವೊ ಬದಲು ಅದೇ ತೂಕದ ಇನ್ನೊಬ್ಬನನ್ನು ಕಳಿಸಿದರೆ ಮೊನಾಕೊ ಒಪ್ಪುತ್ತಿತ್ತೇ?

ಮನುಷ್ಯನಿಗೆ ‘ಎರವಲು’ ಅನ್ನುವುದು ಒರಟಾಯಿತೇ ಅನ್ನಿಸಿತ್ತು. ಆಮೇಲೆ ಸರ್ಕಾರಿ ಕಚೇರಿಯ ‘ಎರವಲು ಸೇವೆ’ ನೆನಪಾಯಿತು. ಒಂದು ಇಲಾಖೆಯ ನೌಕರ ಇನ್ನೊಂದರಲ್ಲಿ ಕೆಲಸ ಮಾಡಿ, ಅವಧಿ ಮುಗಿದ ಮೇಲೆ ‘ಮಾತೃ ಇಲಾಖೆ’ಗೆ ಮರಳುತ್ತಾನೆ. ಫುಟ್‌ಬಾಲ್‌ನಲ್ಲಿ ನಡೆಯುವುದೂ ಥೇಟ್ ಇದೇ ಅಲ್ವಾ? ಹಾಗಾದರೆ ಮೊನಾಕೊ ಅವನ ‘ಮಾತೃ ಕ್ಲಬ್’. ಬರೆದು ನೋಡಿದೆ, ನಗು ಬಂತು, ಆದರೂ ಅಳಿಸಲಿಲ್ಲ.

ಗೆಳೆಯನೊಬ್ಬ ‘ಬಾಡಿಗೆ ಆಟಗಾರ’ ಸೂಚಿಸಿದ. ಯುನೈಟೆಡ್ ಆ ಒಂದು ವರ್ಷಕ್ಕೆ 60 ಲಕ್ಷ ಪೌಂಡ್ ಕೊಟ್ಟಿತೆಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು, ಆ ಲೆಕ್ಕದಲ್ಲಿ ಬಾಡಿಗೆಯೇ ನಿಜ. ಆದರೆ ‘ಬಾಡಿಗೆ’ ಅಂದ ತಕ್ಷಣ ದುಡ್ಡಿಗಾಗಿ ಯಾರ ಪರ ಬೇಕಾದರೂ ನಿಲ್ಲುವವನು ಎಂಬ ವಾಸನೆ ಬರುತ್ತದೆ. ಯಕ್ಷಗಾನದವರ ‘ಅತಿಥಿ ಕಲಾವಿದ’ದಂತೆ ‘ಅತಿಥಿ ಆಟಗಾರ’ ಅನ್ನಬಹುದು. ಚೆನ್ನಾಗಿದೆ, ಆದರೆ ಅತಿಥಿ ಒಂದು ರಾತ್ರಿಗೆ ಬರುವವನು. ಇಡೀ ವರ್ಷ ಇರುವವನನ್ನು ಅತಿಥಿ ಅಂದರೆ ಮನೆಯವರು ಒಪ್ಪುವುದಿಲ್ಲ.

ನನ್ನ ಒಲವು ‘ಎರವಲು’ ಕಡೆಗೇ. ತೊಡಕಿರುವುದು ಕ್ರಿಯಾಪದದಲ್ಲಿ. ‘ಎರವಲು ಕೊಟ್ಟಿತು’, ‘ಎರವಲು ಪಡೆಯಿತು’ ಎರಡೂ ಕ್ಲಬ್‌ಗಳ ಕೆಲಸ. ಲೇಖನ ಆಟಗಾರನದು, ವಾಕ್ಯ ಅವನಿಂದ ಶುರುವಾಗಬೇಕು. ‘ಎರವಲಾಗಿ ಹೋದ’ ಅನ್ನಲೇ, ‘ಎರವಲಿಗೆ ಹೋದ’ ಅನ್ನಲೇ, ‘ಎರವಲಿನ ಮೇಲೆ ಹೋದ’ ಅನ್ನಲೇ? ಮೂರನೆಯದು ಇಂಗ್ಲಿಷಿನ ನೆರಳು ಅನ್ನಿಸುತ್ತದೆ. ಮೊದಲನೆಯದು ಕಿವಿಗೆ ಹಿತ.

ಎರಡು ಎರವಲು ವರ್ಷಗಳಲ್ಲಿ ಇಂಗ್ಲಿಷ್ ಲೀಗ್‌ನಲ್ಲಿ ಅವನು ಹೊಡೆದದ್ದು ಒಟ್ಟು 5 ಗೋಲು. ಇನ್ನು ಮುಗಿಯಿತು ಅಂದುಕೊಂಡವರೇ ಜಾಸ್ತಿ. ಮೊನಾಕೊಗೆ ಮರಳಿ ನಾಯಕನಾಗಿ 2016–17ರಲ್ಲಿ ಲೀಗ್ ಪಂದ್ಯಗಳಲ್ಲೇ 21 ಗೋಲು ಹೊಡೆದು ತಂಡವನ್ನು ಫ್ರಾನ್ಸ್‌ನ ಚಾಂಪಿಯನ್ ಮಾಡಿದ. ಎರವಲು ಕೊಟ್ಟ ಸರ ಹೊಳಪು ಹೆಚ್ಚಿಸಿಕೊಂಡು ವಾಪಸ್ ಬಂದದ್ದು ನಾನಂತೂ ಬೇರೆಲ್ಲೂ ಕಂಡಿಲ್ಲ.

ಬೆಂಗಳೂರಿನ ಗೌತಮಪುರದ ಕಡೆ ಫುಟ್‌ಬಾಲ್ ಆಡುವವರು, ಕೊಡಗಿನ ಹಾಕಿಯವರು ಇಂಥ ಆಟಗಾರನನ್ನು ಮಾತಿನಲ್ಲಿ ಏನನ್ನುತ್ತಾರೆ? ಗೊತ್ತಿದ್ದವರು ತಿಳಿಸಿ.

ಹಾಗೇ ಹೆಸರಿನದೂ ಒಂದು ಪ್ರಶ್ನೆ. ಬ್ರೆಜಿಲ್‌ನ ಆಟಗಾರ ಫಾಲ್ಕಾವೊ ನೆನಪಿಗೆ ಅಪ್ಪ ಇಟ್ಟ ಹೆಸರಿದು. ಪೋರ್ಚುಗೀಸಿನಲ್ಲಿ ಅದು ಗಿಡುಗ. ಅಭಿಮಾನಿಗಳು ಕರೆಯುವುದು ಮಾತ್ರ ‘ಎಲ್ ತೀಗ್ರೆ’, ಅಂದರೆ ಹುಲಿ. ಗಿಡುಗನ ಹೆಸರಿನ ಈ ಹುಲಿಯನ್ನು ಫಾಲ್ಕಾವೊ ಅಂತ ಬರೆಯೋಣವೇ, ಫಲ್ಕಾವ್ ಅಂತಲೇ?