ಕೋಮಾ ಕ್ಲಸ್ಟರ್: ಬೀಟಾ ಮಾಡೆಲ್ ಕಳೆದ ಮೇಲೂ ನೈಋತ್ಯದಲ್ಲಿ ಗಂಟು ಉಳೀತಿದೆ

ಗಂಗೋತ್ರಿ_ವಿದ್ಯಾರ್ಥಿ (ಮೈಸೂರು):
ಎಂಎಸ್ಸಿ ಪ್ರಾಜೆಕ್ಟ್‌ಗೆ ಕೋಮಾ ಅನ್ನೋ ಗೆಲಕ್ಸಿ ಸಮೂಹದ (ಕ್ಲಸ್ಟರ್) ರೋಸ್ಯಾಟ್ ಎಕ್ಸ್‌ರೇ ಉಪಗ್ರಹದ ಚಿತ್ರ ತಗೊಂಡು, ಶೆರ್ಪಾ ಸಾಫ್ಟ್‌ವೇರ್‌ನಲ್ಲಿ ಬೀಟಾ ಮಾಡೆಲ್ (ಕೇಂದ್ರದಿಂದ ದೂರ ಹೋದಂತೆ ಅನಿಲದ ಹೊಳಪು ಹೇಗೆ ಇಳಿಯುತ್ತೆ ಅನ್ನೋ ಸೂತ್ರ) ಫಿಟ್ ಮಾಡ್ತಿದ್ದೀನಿ. ಬ್ಯಾಕ್‌ಗ್ರೌಂಡ್ ಕಳೆದಾಯ್ತು, ಎಕ್ಸ್‌ಪೋಶರ್ ಮ್ಯಾಪ್‌ನಿಂದ (ಚಿತ್ರದ ಯಾವ ಭಾಗವನ್ನ ಎಷ್ಟು ಹೊತ್ತು ನೋಡಿದೆ ಅನ್ನೋ ನಕ್ಷೆ) ಭಾಗಿಸಿದ್ದಾಯ್ತು, ಪಾಯಿಂಟ್ ಸೋರ್ಸ್‌ಗಳನ್ನೂ ತೆಗೆದೆ. ಆದ್ರೂ ರೆಸಿಡ್ಯುಯಲ್‌ನಲ್ಲಿ (ಮಾಡೆಲ್ ಕಳೆದು ಉಳಿದ ಚಿತ್ರದಲ್ಲಿ) ನೈಋತ್ಯಕ್ಕೆ ದೊಡ್ಡ ಗಂಟು. ಗೆಲಕ್ಸಿಗಳ ವೇಗದ ಹಿಸ್ಟೋಗ್ರಾಮ್‌ನಲ್ಲಿ ಮಾತ್ರ ಒಂದೇ ಗುಡ್ಡ, ಎರಡನೇ ಗುಂಪಿನ ಸುಳಿವಿಲ್ಲ. ಡಿಟೆಕ್ಟರ್ ದೋಷ ಇರಬಹುದಾ? ಗೈಡ್ ಹತ್ರ ಹೋಗೋಕೆ ಮುಂಚೆ ಕೇಳೋಣ ಅಂತ.

ಮಂಡ್ಯ_ಎಕ್ಸ್‌ರೇ:
ಕೇಂದ್ರದಿಂದ ಎಷ್ಟು ದೂರ? 40 ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಅಂದ್ರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಹತ್ರವಾ?

ಗಂಗೋತ್ರಿ_ವಿದ್ಯಾರ್ಥಿ:
ಹೌದು ಸರ್, ಹೆಚ್ಚುಕಮ್ಮಿ ಅಷ್ಟೇ.

ಮಂಡ್ಯ_ಎಕ್ಸ್‌ರೇ:
ಹಾಗಿದ್ರೆ ಡಿಟೆಕ್ಟರ್‌ನ ಸುಮ್ನೆ ಬೈಬೇಡಿ. ಅದು ಎನ್‌ಜಿಸಿ 4839 ಅನ್ನೋ ಗೆಲಕ್ಸಿ ಇರೋ ಗುಂಪು, ಕೋಮಾ ಜೊತೆ ಕೂಡ್ಕೊಳ್ತಾ ಇದೆ. ರೆಡ್‌ಶಿಫ್ಟ್‌ನಿಂದ (ಬೆಳಕು ಕೆಂಪಿನ ಕಡೆ ಸರಿಯೋದ್ರಿಂದ) ನಮಗೆ ಸಿಗೋದು ದೃಷ್ಟಿರೇಖೆಯ ನೇರಕ್ಕಿರೋ ವೇಗ ಮಾತ್ರ. ಈ ಗುಂಪಿನ ಸರಾಸರಿ ಕೋಮಾಗಿಂತ ಸೆಕೆಂಡಿಗೆ ಕೆಲವೇ ನೂರು ಕಿ.ಮೀ. ಬೇರೆ, ಕೋಮಾದ ವೇಗದ ಹರವೇ ಸುಮಾರು 1000. ಅದರೊಳಗೆ ಮುಚ್ಚಿಹೋಗುತ್ತೆ. 1988ರ ಡ್ರೆಸ್ಲರ್–ಶೆಕ್ಟ್‌ಮನ್ ಪರೀಕ್ಷೆ ಹಾಕಿ ನೋಡಿ: ಪ್ರತಿ ಗೆಲಕ್ಸಿಯ ಅಕ್ಕಪಕ್ಕದ 10 ಗೆಲಕ್ಸಿಗಳ ಸರಾಸರಿ ವೇಗವನ್ನೂ ಹರವನ್ನೂ ಇಡೀ ಕ್ಲಸ್ಟರ್‌ನದ್ದಕ್ಕೆ ಹೋಲಿಸುತ್ತೆ.

ಎಕ್ಸ್‌ರೇ ಹೊಳಪು ಅನಿಲದ ಸಾಂದ್ರತೆಯ ವರ್ಗಕ್ಕೆ (ಸ್ಕ್ವೇರ್) ತಕ್ಕ ಹಾಗೆ ಏರೋದ್ರಿಂದ ಸಣ್ಣ ಗುಂಪಿನ ದಟ್ಟ ಅನಿಲವೂ ಎದ್ದು ಕಾಣುತ್ತೆ. ಡಿಕ್ಕಿ ನಮ್ಮ ಕಡೆಗೇ ಮುಖ ಮಾಡಿದ್ರೆ ಕಥೆ ತಿರುಗಾಮುರುಗ: ಎಕ್ಸ್‌ರೇ ಚಿತ್ರ ದುಂಡಗೆ ಸಾಧುವಾಗಿ ಕಾಣುತ್ತೆ, ವೇಗದ ಹರವು ಮಾತ್ರ ಉಬ್ಬಿರುತ್ತೆ. ಆ ಹರವು ನಂಬಿ ದ್ರವ್ಯರಾಶಿ ಲೆಕ್ಕ ಹಾಕಿದ್ರೆ ಕೆಟ್ಟಿರಿ.

ಈಗ ಗಂಟಿನ ಮೇಲೆ ವೃತ್ತ ಎಳೆದು ಮಾಸ್ಕ್ ಮಾಡಿ, ಮತ್ತೆ ಫಿಟ್ ಕೊಡಿ. ನಡುವೆ ಎನ್‌ಜಿಸಿ 4874, 4889 ಅಂತ ಎರಡು ದೈತ್ಯ ಗೆಲಕ್ಸಿಗಳಿವೆ, ಅಲ್ಲಿ ರೆಸಿಡ್ಯುಯಲ್ ಪೂರ್ತಿ ಸೊನ್ನೆ ಆಗಲ್ಲ.

ಗಂಗೋತ್ರಿ_ವಿದ್ಯಾರ್ಥಿ:
ಬೀಟಾ 0.75, ಕೋರ್ ರೇಡಿಯಸ್ (ನಡುವಿನ ಸಮತಟ್ಟು ಹೊಳಪಿನ ಭಾಗದ ಅಳತೆ) 10 ಆರ್ಕ್‌ಮಿನಿಟ್ ಆಸುಪಾಸು ಬಂತು!

ನಕ್ಷತ್ರಪ್ರಿಯೆ (ಮೈಸೂರು):
1992ರ ರೋಸ್ಯಾಟ್ ಪೇಪರ್‌ಗೂ ಹೊಂದುತ್ತೆ. ಎಕ್ಸ್‌ಎಂಎಂ-ನ್ಯೂಟನ್ ಎಕ್ಸ್‌ರೇ ದೂರದರ್ಶಕದ ಚಿತ್ರವನ್ನೂ ನೋಡಪ್ಪ, ಗುಂಪಿನ ಅನಿಲದ ಬಾಲ ಕೋಮಾ ಕೇಂದ್ರಕ್ಕೆ ಬೆನ್ನು ಹಾಕಿದೆ. ಅದಕ್ಕೇ ಗುಂಪು ಮೊದಲ ಸಲ ಕೋಮಾದೊಳಗೆ ಬೀಳ್ತಿದೆ ಅಂದಿದ್ರು. 2021ರಲ್ಲಿ ಇರೋಸಿಟಾ ಎಕ್ಸ್‌ರೇ ದೂರದರ್ಶಕ ಕೋಮಾಗೂ ಗುಂಪಿಗೂ ನಡುವೆ ಸೇತುವೆಯಂಥ ಎಳೆ ತೋರಿಸಿದ ಮೇಲೆ, ಆಗ್ಲೇ ಒಂದು ಸಲ ಕೇಂದ್ರ ದಾಟಿ ಬಂದಿದೆ ಅನ್ನೋ ವಾದಕ್ಕೆ ಬಲ ಬಂದಿದೆ. ನನ್ನ ಓಟೂ ಅದಕ್ಕೇ.

ಮಂಡ್ಯ_ಎಕ್ಸ್‌ರೇ:
ಗಂಟಿನ ಸ್ಪೆಕ್ಟ್ರಮ್ ಬೇರೇನೇ ತೆಗೀರಿ. ಕೋಮಾದ ಸುಮಾರು 8 ಕೆಇವಿ (ಎಕ್ಸ್‌ರೇ ಖಗೋಳದಲ್ಲಿ ತಾಪಮಾನ ಹೇಳೋ ಅಳತೆ) ಅನಿಲದ ಜೊತೆ ಕಲಸಿದ್ರೆ ಬರೋ ತಾಪಮಾನ ಎರಡರದ್ದೂ ಆಗಿರಲ್ಲ.